ಬಹುಮಾನವಾಗಿ ನಾಯಿ ಕೇಳಿದವನು

ಯುದ್ಧ ಗೆದ್ದ ಅರಸ 'ನಿನ್ನ ಶೌರ್ಯಕ್ಕೆ ಮೆಚ್ಚಿದೆ, ಬೇಕಾದ್ದು ಕೇಳು' ಅಂದರೆ ಏನು ಕೇಳಬಹುದು? ನಾವಾಗಿದ್ದರೆ ಕೆರೆ ಕೆಳಗಿನ ಗದ್ದೆ ಕೇಳುತ್ತಿದ್ದೆವು. ಮಣಲೆರ ಎಂಬ ಯೋಧ ಒಂದು ನಾಯಿ ಕೇಳಿದ. ಅದರ ಹೆಸರು ಕಾಳಿ.

ಇದು ಕಟ್ಟುಕಥೆಯಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ (ಈಗಿನ ಆತಗೂರು) ಸಿಕ್ಕ ಶಾಸನದಲ್ಲಿ ಹಳಗನ್ನಡದಲ್ಲಿ ಕೊರೆದಿಟ್ಟ ಸಂಗತಿ. ಕಾಲ ಶಕ ವರ್ಷ 872, ಅಂದರೆ ಕ್ರಿ.ಶ. 949-50.

ಆಗ ನಡೆದದ್ದು ಸಣ್ಣ ಕದನವಲ್ಲ. ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಯುದ್ಧ. ತಕ್ಕೋಲ ಇರುವುದು ಈಗಿನ ತಮಿಳುನಾಡಿನ ಅರಕ್ಕೋಣಂ ಹತ್ತಿರ. ಕೃಷ್ಣನ ಭಾವಮೈದುನ, ಗಂಗರ ಇಮ್ಮಡಿ ಬೂತುಗ, ಚೋಳರ ರಾಜಾದಿತ್ಯನನ್ನು ಕೊಂದ. ಅದಕ್ಕೆ ಅವನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300 ಮುಂತಾದ ನಾಡುಗಳೇ ಬಹುಮಾನವಾಗಿ ಸಿಕ್ಕವು. ಬೂತುಗನ ಕಡೆಯ ವೀರನೇ ನಮ್ಮ ಮಣಲೆರ.

ಹಾಗಂತ ಮಣಲೆರನಿಗೆ ಭೂಮಿ ಸಿಗಲಿಲ್ಲವೆಂದಲ್ಲ. 'ಬಾಳ್ಗಚ್ಚು' ಎಂದು, ಅಂದರೆ ಕತ್ತಿ ತೊಳೆದ ಉಡುಗೊರೆಯೆಂದು, ಆತಕೂರು ಹನ್ನೆರಡನ್ನು ಬೂತುಗ ಅವನಿಗೆ ಕೊಟ್ಟ. ಆದರೆ ಬಾಯಿಬಿಟ್ಟು ಕೇಳಿ ಪಡೆದದ್ದು ಕಾಳಿಯನ್ನು.

ಕಾಳಿ ಯುದ್ಧದಲ್ಲಿ ಸತ್ತದ್ದಲ್ಲ, ಬೇಟೆಯಲ್ಲಿ. ಬೆಳತೂರಿನ ಪಡುವಣ ದಿಕ್ಕಿನ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಅದನ್ನು ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಶಾಸನ ಇಷ್ಟೇ ಹೇಳಿ ಮುಂದೆ ಹೋಗುತ್ತದೆ. ಒಡೆಯ ಅತ್ತನೇ, ಉಣ್ಣದೆ ಕೂತನೇ, ಒಂದು ಮಾತೂ ಇಲ್ಲ. ಕಾಡುಹಂದಿ ತಿರುಗಿಬಿದ್ದರೆ ಏನಾಗುತ್ತದೆಂದು ಕಾಡಂಚಿನ ಹೊಲದವರಿಗೆ ನಾವು ಹೇಳಬೇಕಿಲ್ಲ. ಕೋರೆಯ ಒಂದು ತಿವಿತಕ್ಕೆ ಹೊಟ್ಟೆ ಸೀಳಿಹೋಗುತ್ತದೆ. ಗೆದ್ದರೆ ಏನು ಸಿಕ್ಕೀತು ಅಂತ ಕಾಳಿ ಯಾರನ್ನೂ ಕೇಳಲಿಲ್ಲ. ಬಿಟ್ಟವರು ಬಿಟ್ಟರು, ಅದು ನುಗ್ಗಿತು. ಅದನ್ನು ಸಾವಿನ ಬಾಯಿಗೆ ಕಳಿಸಿದ್ದು ಮನುಷ್ಯರೇ ಎಂಬುದನ್ನೂ ಮರೆಯಬಾರದು.

ದುಃಖ ಕಾಣುವುದು ಆಮೇಲೆ ಮಾಡಿದ ಏರ್ಪಾಟಿನಲ್ಲಿ. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಯ ನೆನಪಿಗೆ ಕಲ್ಲು ನೆಟ್ಟರು. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗದ ಭೂಮಿ ಬಿಟ್ಟರು. ಖಂಡುಗದ ಲೆಕ್ಕ ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರುತ್ತದೆ, ಬಿತ್ತನೆ ಬೀಜದ ಮೇಲೆ ಹೊಲಗದ್ದೆ ಅಳೆಯುವ ಲೆಕ್ಕ. ಗುಡಿ ನೋಡಿಕೊಳ್ಳುವ ಗೊರವ ಆ ಕಲ್ಲಿಗೆ ಪೂಜೆ ಮಾಡಿಯೇ ಉಣ್ಣಬೇಕು. ಪೂಜಿಸದೆ ಉಂಡರೆ, ಆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ. ಭೂಮಿ ಹಾಳುಮಾಡಿದವನು ನಾಡನ್ನೇ ಆಳುವವನಾಗಿದ್ದರೂ ಅದೇ ಪಾಪ ಅವನಿಗೂ.

ಇಲ್ಲಿ ನಮಗೆ ಸಣ್ಣಗೆ ನಗು ಬಂತು. ದಾನದ ಶಾಸನಗಳಲ್ಲಿ ಸಾಮಾನ್ಯವಾಗಿ ಬರುವುದು ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ. ನಾಯಿ ಮಾಡುವ ಪಾಪ ಎಷ್ಟಿದ್ದೀತು? ಅಟ್ಟಿಸಿದ ಹಂದಿ, ಮೊಲ, ಅಷ್ಟೇ ತಾನೆ. ಅದನ್ನೂ ಕಾಳಿಯ ತಲೆಯಿಂದ ಇಳಿಸಿ ಬೇರೆಯವರಿಗೆ ಹೊರಿಸುವ ದಾರಿ ಹುಡುಕಿದಂತಿದೆ.

ಒಂದೇ ಕಲ್ಲಿನಲ್ಲಿ ಚೋಳ ರಾಜಕುಮಾರನ ಸಾವೂ ಇದೆ, ಒಂದು ನಾಯಿಯ ಸಾವೂ ಇದೆ. ಇತಿಹಾಸದ ಪಾಠದಲ್ಲಿ ತಕ್ಕೋಲದ ಕದನಕ್ಕೆ ಈ ಕಲ್ಲನ್ನೇ ಆಧಾರವಾಗಿ ತೋರಿಸುತ್ತಾರೆ. ಆದರೆ ಕಲ್ಲಿನ ಮೇಲೆ ಶಿಲ್ಪಿ ಬಿಡಿಸಿದ ಚಿತ್ರ ಅರಸರದ್ದಲ್ಲ. ಹಂದಿಯೊಂದಿಗೆ ಕಾದಾಡುತ್ತಿರುವ ನಾಯಿಯದ್ದು.

ಕಲ್ಲು ಈಗ ಆತಗೂರಿನಲ್ಲಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಸುದ್ದಿಗೆಂದು ಊರೂರು ತಿರುಗುವಾಗ ನಾವು ಬೇಲಿಯಲ್ಲಿ ಮಗುಚಿಬಿದ್ದ ವೀರಗಲ್ಲು ನೋಡಿದ್ದೇವೆ, ಬಟ್ಟೆ ಒಗೆಯುವ ಕಲ್ಲಾದದ್ದನ್ನೂ ನೋಡಿದ್ದೇವೆ. ನಿಮ್ಮೂರ ಕಲ್ಲನ್ನೂ ಒಮ್ಮೆ ಮಣ್ಣು ಒರೆಸಿ ನೋಡಿ. ವೀರನ ಕಾಲ ಬಳಿ ನಾಲ್ಕು ಕಾಲಿನದೊಂದು ಇದ್ದರೆ ಫೋಟೊ ತೆಗೆದು ನಮಗೆ ಕಳಿಸಿ.