ಸೂಲಗಿತ್ತಿಯರ ವಿದ್ಯೆ

ಸೂಲೆಂದರೆ ಹೆರಿಗೆ, ಹೂವಾಡಗಿತ್ತಿಯೆಂಬಲ್ಲಿನಂತೆ ‘ಗಿತ್ತಿ’ಯು ವೃತ್ತಿಯನ್ನವಲಂಬಿಸಿದ ಹೆಣ್ಣನ್ನು ಸೂಚಿಸುವುದು. 1903ರಲ್ಲಿ ಲೇಡಿ ಕರ್ಜನ್ನರು ಸ್ಥಾಪಿಸಿದ ವಿಕ್ಟೋರಿಯಾ ಸ್ಮಾರಕ ನಿಧಿಯು ದೇಶದ ಸೂಲಗಿತ್ತಿಯರಿಗೆ ಶಿಕ್ಷಣವೀಯಲು ಹೊರಟಿತು. ಅದು ಅವಶ್ಯವೇ ಆಗಿದ್ದಿತು. ಹೊಕ್ಕುಳಬಳ್ಳಿಯನ್ನು ಕೊಯ್ಯುವ ಕತ್ತಿಯು ಶುಚಿಯಲ್ಲದಿದ್ದರೆ ಧನುರ್ವಾಯುವು ಕೂಸನ್ನು ಕೊಂಡೊಯ್ಯುವುದು. ಆದರೆ ಆ ಹೆಂಗಸರು ಏನನ್ನೂ ಅರಿಯದವರೆಂದು ಬಗೆಯುವುದು ಅನ್ಯಾಯವು. ಪಾವಗಡ ತಾಲ್ಲೂಕಿನ ನರಸಮ್ಮನವರಿಗೆ ಓದುಬರಹವಿರಲಿಲ್ಲ. ಅಜ್ಜಿಯಿಂದ ಕಲಿತ ವಿದ್ಯೆಯಿಂದಲೇ, ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟು ಶಿಶುವಿನ ತಲೆಯಿರುವ ಎಡೆಯನ್ನು ತಿಳಿಯುತ್ತಿದ್ದರು. ತಾವೇ ಹನ್ನೆರಡು ಮಕ್ಕಳನ್ನು ಹಡೆದು ನಾಲ್ವರನ್ನು ಕಳೆದುಕೊಂಡಿದ್ದ ಆ ತಾಯಿಗೆ, ಬೇನೆ ತಿನ್ನುವವಳ ಭಯವೇನೆಂಬುದನ್ನು ಬೇರೊಬ್ಬರು ಹೇಳಬೇಕಾಗಿರಲಿಲ್ಲ. 15,000ಕ್ಕೂ ಮಿಕ್ಕ ಹೆರಿಗೆಗಳನ್ನು ಪ್ರತಿಫಲವಿಲ್ಲದೆ ಮಾಡಿಸಿದರೆಂದು ಪ್ರಸಿದ್ಧಿ. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟನ್ನಿತ್ತಿತು. 2018ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು.