ಳಕಾರದ ಸ್ಥಾನ: ಕನ್ನಡ ಅಕಾರಾದಿ ಮತ್ತು ತಂತ್ರಾಂಶದ ಆಯ್ಕೆಯ ಚರಿತ್ರೆ

ಪುಸ್ತಕ ಅಥವಾ ನಿಯತಕಾಲಿಕದ ಅಕಾರಾದಿಯನ್ನು ಸಿದ್ಧಪಡಿಸಲು ಯಾವ ತಂತ್ರಾಂಶವನ್ನು ಆರಿಸಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ನಮ್ಮ ವಿಭಾಗಗಳಲ್ಲಿ ಬೆಲೆ, ವೇಗ, ಅನುಕೂಲಗಳ ನೆಲೆಯಿಂದ ಚರ್ಚಿಸುವುದು ವಾಡಿಕೆ. ಕನ್ನಡದ ಮಟ್ಟಿಗೆ ಅದು ಮೊದಲು ವರ್ಣಕ್ರಮದ ಪ್ರಶ್ನೆ. ಆ ಕ್ರಮಕ್ಕೊಂದು ಚರಿತ್ರೆಯೂ ಇದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳನ್ನೊಳಗೊಂಡ ಕಲಬುರಗಿ ಸೀಮೆಯ ಸ್ಥಳನಾಮಗಳು ಹಾಗೂ ಶಾಸನಗಳನ್ನು ಕುರಿತ ಸಂಪುಟವೊಂದಕ್ಕೆ ಅಕಾರಾದಿ ಮಾಡಹೊರಟವರಿಗೆ ಆ ಚರಿತ್ರೆಯ ಹಲವು ಪದರಗಳು ಒಟ್ಟಿಗೇ ಎದುರಾಗುತ್ತವೆ.

ಚಿತ್ತಾಪುರದ ಸಮೀಪದ ನಾಗಾವಿಯ ಘಟಿಕಾಸ್ಥಾನವನ್ನು ವರ್ಣಿಸುವ ಕ್ರಿ.ಶ. 1058ರ ಶಾಸನ ಅಲ್ಲಿನ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಹೆಸರಿಸುತ್ತದೆ. ಗ್ರಂಥಗಳನ್ನು ಕಾಯುವುದು ಆಗಲೇ ಒಂದು ವೃತ್ತಿಯಾಗಿತ್ತು. ಆದರೆ ತಾಳೆಗರಿಯ ಕಾಲದಲ್ಲಿ ಪುಟವನ್ನು ಆಧರಿಸಿದ ಅಕಾರಾದಿಗೆ ಅರ್ಥವಿರಲಿಲ್ಲ. ಒಂದು ಪ್ರತಿಯ ಹತ್ತನೆಯ ಗರಿಯಲ್ಲಿರುವ ಪದ್ಯ ಇನ್ನೊಂದು ಪ್ರತಿಯಲ್ಲಿ ಹನ್ನೆರಡನೆಯದರಲ್ಲಿರಬಹುದು. ಆದ್ದರಿಂದ ಪ್ರಕರಣ, ಸೂತ್ರ, ಪದ್ಯಗಳ ಸಂಖ್ಯೆಯೇ ಉಲ್ಲೇಖದ ಆಧಾರವಾಗಿತ್ತು. ಆದರೂ ಪದಗಳನ್ನು ಪಟ್ಟಿಮಾಡುವ ಅಗತ್ಯವಿತ್ತು. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ೞಕಾರವುಳ್ಳ ಶಬ್ದಗಳನ್ನು ಸಂಗ್ರಹಿಸಿಕೊಟ್ಟದ್ದು ಅಂಥ ಅಗತ್ಯದಿಂದಲೇ. ಮಾತಿನಲ್ಲಿ ಅಳಿಯುತ್ತಿದ್ದ ಭೇದವನ್ನು ಪಟ್ಟಿಯೊಂದು ಹಿಡಿದಿಟ್ಟಿತು.

ಮುದ್ರಣ ಬಂದ ಮೇಲೆ ಎಲ್ಲ ಪ್ರತಿಗಳ ಪುಟಗಳೂ ಒಂದಾದವು. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟೆಲರ ನಿಘಂಟು ಕನ್ನಡ ವರ್ಣಕ್ರಮವನ್ನು ವಿದ್ವತ್ ಬಳಕೆಯಲ್ಲಿ ನೆಲೆಗೊಳಿಸಿತು. ಆದರೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಸೀಮೆಯ ಶಾಸನಗಳು ವಿದ್ವತ್ ಲೋಕವನ್ನು ಪ್ರವೇಶಿಸಿದ್ದು ಬೇರೊಂದು ಬಾಗಿಲಿನಿಂದ. ನಾಗಾವಿಯ ಶಾಸನಗಳು 1928ರಲ್ಲಿ ಹೈದರಾಬಾದ್ ಪುರಾತತ್ತ್ವ ಮಾಲೆಯಲ್ಲಿ ಇಂಗ್ಲಿಷ್ ವಿವರಣೆಯೊಡನೆ ಪ್ರಕಟವಾದವು. ಅಲ್ಲಿ ಊರಿನ ಹೆಸರು ‘ನಾಗೈ’. 1957ರಲ್ಲಿ ಸೊಲ್ಲಾಪುರದಿಂದ ಬಂದ, ದಕ್ಷಿಣ ಭಾರತದ ಜೈನಧರ್ಮವನ್ನು ಕುರಿತ ಪಿ.ಬಿ. ದೇಸಾಯಿಯವರ ಕೃತಿಯೂ ಇಂಗ್ಲಿಷಿನದೇ. ಹೀಗೆ ಈ ಊರುಗಳು ಕನ್ನಡದ ಅಕಾರಾದಿಗೆ ಸೇರುವ ಮೊದಲೇ ರೋಮನ್ ವರ್ಣಕ್ರಮದಲ್ಲಿ ತಮ್ಮ ಸ್ಥಾನ ಪಡೆದಿದ್ದವು.

ಗಣಕದ ಕಾಲಕ್ಕೆ ಬಂದರೆ ಕಥೆ ಇನ್ನಷ್ಟು ಕುತೂಹಲಕರವಾಗುತ್ತದೆ. ಭಾರತೀಯ ಲಿಪಿಗಳಿಗಾಗಿ ರೂಪುಗೊಂಡ ‘ಇಸ್ಕಿ’ ಸಂಕೇತವ್ಯವಸ್ಥೆ ಎಲ್ಲ ಲಿಪಿಗಳ ಸಮಾನ ಅಕ್ಷರಗಳಿಗೂ ಒಂದೇ ಸ್ಥಾನ ಕೊಟ್ಟಿತು. ಲಿಪ್ಯಂತರಕ್ಕೆ ಇದು ಬಹಳ ಅನುಕೂಲ. ಆದರೆ ಆ ಸಮಾನ ವಿನ್ಯಾಸದಲ್ಲಿ ಳಕಾರ ಲಕಾರದ ಮಗ್ಗುಲಿಗೆ ಬಂದು ಕುಳಿತಿತು. ನಮ್ಮ ವರ್ಣಮಾಲೆಯಲ್ಲಿ ಅದರ ಸ್ಥಾನ ಹಕಾರದ ನಂತರ, ಕೊನೆಯಲ್ಲಿ. ಇಸ್ಕಿಯ 1988ರ ಆವೃತ್ತಿಯನ್ನು ಆಧರಿಸಿದ ಯೂನಿಕೋಡ್ ಈ ವಿನ್ಯಾಸವನ್ನೇ ಉಳಿಸಿಕೊಂಡಿತು. ೞಕಾರವಂತೂ ಈ ಸಾಲಿನಲ್ಲಿ ತನಗೆ ಸಲ್ಲಬೇಕಾಗಿದ್ದ ಮನೆ ಖಾಲಿಯಿದ್ದರೂ ಕೋಷ್ಟಕದ ಕೆಳಭಾಗಕ್ಕೆ ಹೋಯಿತು. ಸಾಲದೆಂಬಂತೆ ಅದಕ್ಕೆ ಅಲ್ಲಿ ‘ಫ’ ಎಂಬ ತಪ್ಪು ಹೆಸರೂ ಅಂಟಿಕೊಂಡಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವ ಪದ್ಧತಿ ಯೂನಿಕೋಡಿನಲ್ಲಿ ಇಲ್ಲವಾದ್ದರಿಂದ ಸರಿಯಾದುದನ್ನು ಪರ್ಯಾಯನಾಮವಾಗಿ ಸೇರಿಸಬೇಕಾಯಿತು. ಕೇಶಿರಾಜ ಅಷ್ಟು ಜತನದಿಂದ ಕಾಪಾಡಿದ ಅಕ್ಷರಕ್ಕೆ ಬಂದ ಅವಸ್ಥೆ ಇದು.

ಸಂಕೇತಾಂಕಗಳ ಕ್ರಮವೇ ವಿಂಗಡಣೆಯ ಕ್ರಮವಲ್ಲ ಎಂದು ಯೂನಿಕೋಡ್ ಸ್ಪಷ್ಟಪಡಿಸಿದೆ. ವಿಂಗಡಣೆಗೆ ಪ್ರತ್ಯೇಕ ವಿಧಾನವನ್ನೂ, ಭಾಷೆಗನುಗುಣವಾಗಿ ಅದನ್ನು ಹೊಂದಿಸಿಕೊಳ್ಳುವ ಅವಕಾಶವನ್ನೂ ಒದಗಿಸಿದೆ. ತಂತ್ರಾಂಶವೊಂದು ಅದನ್ನು ಬಳಸುತ್ತದೆಯೋ ಇಲ್ಲವೋ ಎಂಬುದೇ ಆಯ್ಕೆಯ ಮೊದಲ ಮಾನದಂಡವಾಗಬೇಕೆಂಬುದು ನನ್ನ ವಾದ. ಪರೀಕ್ಷಿಸಲು ಮೂರು ಹೆಸರು ಸಾಕು: ಮಸ್ಕಿ, ಮಹಾಗಾಂವ, ಮಳಖೇಡ. ಕನ್ನಡ ಕ್ರಮ ಇದೇ. ಬರಿಯ ಸಂಕೇತಾಂಕವನ್ನು ನಂಬುವ ತಂತ್ರಾಂಶ ಮಳಖೇಡವನ್ನು ಮಸ್ಕಿಗಿಂತ ಮೊದಲು ಇಡುತ್ತದೆ. ರೋಮನ್ ಲಿಪಿಯಲ್ಲಿಯೂ ಮಳಖೇಡ ಮಸ್ಕಿಗಿಂತ ಮೊದಲೇ ಬರುವುದರಿಂದ ಇಂಗ್ಲಿಷ್ ಅಕಾರಾದಿಗೆ ಒಗ್ಗಿದ ಕಣ್ಣಿಗೆ ಇದು ದೋಷವೆಂದೇ ತೋರುವುದಿಲ್ಲ. ದ್ವಿಭಾಷಿಕ ಪತ್ರಿಕೆಯ ಸಂಪಾದಕರು ವಿಶೇಷವಾಗಿ ಎಚ್ಚರವಹಿಸಬೇಕಾದ ಸ್ಥಳವಿದು. ಹಕಾರದ ನಂತರ ಹುಡುಕಿದ ಓದುಗನಿಗೆ ರಾಷ್ಟ್ರಕೂಟರ ರಾಜಧಾನಿ ಸಿಗುವುದಿಲ್ಲ. ಗ್ರಂಥ ಅದನ್ನು ಪ್ರಸ್ತಾಪಿಸಿಯೇ ಇಲ್ಲವೆಂದು ಆತ ತೀರ್ಮಾನಿಸುತ್ತಾನೆ. ಅಧ್ಯಯನಗಳೇ ವಿರಳವಾಗಿರುವ ಸೀಮೆಗೆ ಇದು ಸಣ್ಣ ನಷ್ಟವಲ್ಲ.

ಯೂನಿಕೋಡ್ ಹರಡುವ ಮುನ್ನ ನುಡಿ, ಬರಹದಂತಹ ತಂತ್ರಾಂಶಗಳ ಅಕ್ಷರರೂಪ ಆಧಾರಿತ ಸಂಕೇತಗಳಲ್ಲಿ ಸಿದ್ಧವಾದ ಪಠ್ಯಗಳ ತೊಡಕು ಬೇರೆ ಬಗೆಯದು. ಅವುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಸ್ಥಾನದಲ್ಲೇ ದಾಖಲಾಗುತ್ತದೆ. ‘ಗುಲಬರ್ಗಾ’ ಎಂಬಲ್ಲಿ ರೇಫ ಗಾಕಾರದ ನಂತರ ಬಂದಂತಾಗುತ್ತದೆ. ಇಂಥ ಕಡತಗಳನ್ನು ಪರಿವರ್ತಿಸದೆ ವಿಂಗಡಿಸುವುದು ವ್ಯರ್ಥ. ಪರಿವರ್ತಿಸಿದ ಮೇಲೂ ಒಂದು ಎಚ್ಚರ ಬೇಕು. ಸೇಡಮಿನ ‘ಸೇ’ ಹಾಗೂ ಚಿಂಚೋಳಿಯ ‘ಚೋ’ ಅಕ್ಷರಗಳ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬಿಡಿ ಭಾಗಗಳಾಗಿಯೂ ದಾಖಲಿಸಲು ಯೂನಿಕೋಡಿನಲ್ಲಿ ಸಾಧ್ಯ. ಪರದೆಯ ಮೇಲೆ ಭೇದ ಕಾಣುವುದಿಲ್ಲ. ಈ ರೂಪಗಳನ್ನು ಏಕೀಕರಿಸದ ತಂತ್ರಾಂಶ ಒಂದೇ ಸೇಡಮಿಗೆ ಎರಡು ನಮೂದು ಕೊಟ್ಟು ಪುಟಸಂಖ್ಯೆಗಳನ್ನು ಹಂಚಿಬಿಡುತ್ತದೆ.

ಲಭ್ಯ ಸಾಧನಗಳಲ್ಲಿ ಸಿಂಡೆಕ್ಸ್, ಮ್ಯಾಕ್ರೆಕ್ಸ್, ಸ್ಕೈ ಇಂಡೆಕ್ಸ್ ಇಂಗ್ಲಿಷ್ ಅಕಾರಾದಿಕಾರರ ವೃತ್ತಿಯಿಂದ ಬೆಳೆದುಬಂದ ಸ್ವತಂತ್ರ ತಂತ್ರಾಂಶಗಳು. ಅಡ್ಡ ಉಲ್ಲೇಖಗಳನ್ನು ಪರಿಶೀಲಿಸುವುದು ಇವುಗಳ ಬಲ. ವರ್ಡ್, ಲಿಬ್ರೆ ಆಫೀಸ್ ಪಠ್ಯದೊಳಗೇ ಗುರುತು ಹಾಕಿಸಿಕೊಳ್ಳುವುದರಿಂದ ಪುಟ ಬದಲಾದರೂ ಅಕಾರಾದಿಯನ್ನು ನವೀಕರಿಸಬಹುದು. ಭಾಷಾವಿಜ್ಞಾನಿಗಳು ಒಲವು ತೋರುವ ಲೇಟೆಕ್‌ನಲ್ಲಿ 1980ರ ದಶಕದ ಮೇಕ್‌ಇಂಡೆಕ್ಸ್ ಕನ್ನಡದ ಕ್ರಮವನ್ನು ಅರಿಯದು. ಪ್ರತಿ ನಮೂದಿಗೂ ವಿಂಗಡಣೆಯ ಕೀಲಿಯನ್ನು ಕೈಯಿಂದಲೇ ಬರೆಯಬೇಕು. ಅದರ ನಂತರದ ಜಿಂಡಿಯಲ್ಲಿ ಭಾಷೆಯ ವರ್ಣಕ್ರಮವನ್ನು ನಾವೇ ನಿರ್ದೇಶಿಸಬಹುದು. ಅಪ್‌ಮೆಂಡೆಕ್ಸ್ ಯೂನಿಕೋಡಿನ ವಿಂಗಡಣಾ ವಿಧಾನವನ್ನೇ ಅವಲಂಬಿಸುತ್ತದೆ. ಸಂಶೋಧನ ಗ್ರಂಥಕ್ಕೆ ನಾನು ಕೊನೆಯ ಎರಡರಲ್ಲೊಂದನ್ನು ಸೂಚಿಸುತ್ತೇನೆ.

ಪದಪಟ್ಟಿ ಕೊಟ್ಟರೆ ತಾನೇ ಪಠ್ಯದಲ್ಲಿ ಹುಡುಕಿ ಗುರುತಿಸುವ ಸೌಲಭ್ಯ ವರ್ಡ್ ಮತ್ತು ಲಿಬ್ರೆ ಆಫೀಸ್ ಎರಡರಲ್ಲೂ ಇದೆ. ಕನ್ನಡದಂತಹ ಪ್ರತ್ಯಯಬಹುಲ ಭಾಷೆಗೆ ಅದು ಅಷ್ಟಾಗಿ ಒದಗದು. ಪೂರ್ಣಪದವನ್ನು ಮಾತ್ರ ಹುಡುಕಿಸಿದರೆ ‘ಚಿತ್ತಾಪುರಕ್ಕೆ’, ‘ಚಿಂಚೋಳಿಯಿಂದ’, ‘ಮಳಖೇಡವೆಂಬ’ ಎಂಬವು ಕೈತಪ್ಪುತ್ತವೆ. ಪದದ ಭಾಗವನ್ನೂ ಹುಡುಕಲು ಬಿಟ್ಟರೆ ವಾಡಿಯ ನಮೂದಿನಡಿ ಅಂಗನವಾಡಿಯೂ ಬರುತ್ತದೆ, ವಾಡಿಕೆಯೂ ಬರುತ್ತದೆ. ಈ ಲೇಖನದ ಮೊದಲ ವಾಕ್ಯವೂ ಅಲ್ಲಿ ಸೇರಿಬಿಡುತ್ತದೆ.

ಉಳಿಯುವುದು ಯಾವ ತಂತ್ರಾಂಶವೂ ಕೈಗೊಳ್ಳಲಾರದ ನಿರ್ಣಯಗಳು. ಶಹಾಬಾದ, ಶಹಾಬಾದ್, ಷಹಾಬಾದ್ ಎಂಬ ಬರಹಗಳಲ್ಲಿ ಮುಖ್ಯ ನಮೂದು ಯಾವುದು? ಶಾಸನದ ‘ಸೇಡಿಂಬ’ವನ್ನು ಸೇಡಮಿನೊಡನೆ ಕೂಡಿಸಬೇಕೋ, ಬೇರೆಯಾಗಿಟ್ಟು ‘ನೋಡಿ’ ಎಂದು ಸೂಚಿಸಬೇಕೋ? ಸ್ಥಳನಾಮದ ಧ್ವನಿಪರಿವರ್ತನೆಯೇ ಚರ್ಚೆಯ ವಿಷಯವಾದ ಗ್ರಂಥದಲ್ಲಿ ಎರಡನ್ನೂ ಸ್ವತಂತ್ರ ನಮೂದುಗಳಾಗಿ ಉಳಿಸಿ ಪರಸ್ಪರ ಸೂಚನೆ ಕೊಡುವುದು ಯುಕ್ತ. ಮಾನ್ಯಖೇಟ ಹಾಗೂ ಮಳಖೇಡಕ್ಕೂ, ನಾಗಾವಿ ಹಾಗೂ ‘ನಾಗೈ’ಗೂ ಇದೇ ಕ್ರಮ ಅನ್ವಯಿಸುತ್ತದೆ.