ಜೇಬಲ್ಲಿ ನಾಲ್ಕು ಕಿವಿ: ಎರಡನೇ ದನಿ ಎಲ್ಲಿ ಹೋಯ್ತು?

ಭಾಗ 1/6

ಮೊದಲನೇ ಫೋಟೋದಲ್ಲಿ ಇರೋದು ನಮ್ಮಜ್ಜಿ ಮತ್ತು ಅವರಕ್ಕ, ಅಂದ್ರೆ ನನ್ನ ದೊಡ್ಡಜ್ಜಿ. ಹೋದ ವರ್ಷದ ಊರಹಬ್ಬ. ಜಾಗ ಸಿಂಗಾಪುರ. ವಿಮಾನ ಹತ್ತಿ ಹೋಗೋ ಸಿಂಗಾಪುರ ಅಲ್ಲ ಮಾರಾಯ್ರೇ, ವಿದ್ಯಾರಣ್ಯಪುರದ ಪಕ್ಕದ ನಮ್ಮ ಸಿಂಗಾಪುರ. ಈಗ ಸುತ್ತಲೂ ಲೇಔಟು, ಅಪಾರ್ಟ್‌ಮೆಂಟು. ಆದ್ರೆ ಹಬ್ಬದ ದಿನ ತಂಬಿಟ್ಟಿನಾರತಿ ಹೊತ್ಕೊಂಡು ಹೆಂಗಸರು ಸಾಲಾಗಿ ಹೊರಟ್ರೆ ಇದು ಇನ್ನೂ ಊರೇ.

ಇವರಿಬ್ಬರೂ ಹಾಡ್ತಿದ್ದದ್ದು ಯಾವಾಗಲೂ ಜೋಡಿಯಾಗಿ. ಅಜ್ಜಿ ಒಂದು ಸಾಲು ಹೇಳಿದ್ರೆ ದೊಡ್ಡಜ್ಜಿ ಅದನ್ನ ಎತ್ಕೊಂಡು, ಸೊಲ್ಲು ಸೇರಿಸಿ ವಾಪಸ್ ಕೊಡ್ತಿದ್ರು. ನಾನು ಫೋನ್ ಹಿಡ್ಕೊಂಡು ಇಪ್ಪತ್ತು ನಿಮಿಷ ರೆಕಾರ್ಡ್ ಮಾಡಿದೆ. ಮನೆಗೆ ಬಂದು ಕೇಳಿದ್ರೆ ಬರೀ ತಮಟೆ! ಅಜ್ಜಿ ದನಿ ಅಲ್ಲಲ್ಲಿ ಸಿಗುತ್ತೆ. ದೊಡ್ಡಜ್ಜಿ ದನಿ ಬಂತು ಅನ್ನೋಷ್ಟರಲ್ಲಿ ಏಟು ಬಿದ್ದು ಮುಳುಗಿ ಹೋಗುತ್ತೆ. ‘ಇರಲಿ, ಬರೋ ವರ್ಷ ಸರಿಯಾಗಿ ಮಾಡಿದ್ರಾಯ್ತು’ ಅಂದ್ಕೊಂಡೆ.

ದೊಡ್ಡಜ್ಜಿ ಸಂಕ್ರಾಂತಿ ಮುಂಚೆ ಹೋಗಿಬಿಟ್ರು.

ಪಕ್ಕದ ಮನೆಯಲ್ಲಿ ಬಿಇಎಲ್‌ನಿಂದ ರಿಟೈರ್ ಆದ ಅಂಕಲ್ ಒಬ್ಬರಿದ್ದಾರೆ. ಫೈಲ್ ಕೇಳಿಸಿದೆ. "ನೋಡಪ್ಪ, ಜೋರು ಶಬ್ದ ಬಂದ ತಕ್ಷಣ ಫೋನು ತಾನೇ ಒಟ್ಟು ವಾಲ್ಯೂಮ್ ಇಳಿಸುತ್ತೆ. ತಮಟೆ ಜೊತೆ ನಿಮ್ಮಜ್ಜಿಯರನ್ನೂ ಇಳಿಸಿಬಿಟ್ಟಿದೆ. ಒಂದೇ ಕಡೆಯಿಂದ ಕೇಳಿಸ್ಕೊಂಡ್ರೆ ಹೀಗೇ" ಅಂದ್ರು. "ಹಾಗಾದ್ರೆ ಬೇರೆ ಬೇರೆಯಾಗಿ ಕೇಳಿಸ್ಕೊಳ್ಳೋದು ಹೇಗೆ ಅಂಕಲ್?" ಅಂತ ಕೇಳಿದೆ. ಉತ್ತರ ಹುಡುಕ್ತಾ ಹೋದ್ರೆ ಒಂದು ನೂರಿಪ್ಪತ್ತು ವರ್ಷದ ಕಥೆ ಸಿಕ್ತು. ಈ ಸರಣಿ ಅದೇ.

ಭಾಗ 2/6

ನಮ್ಮ ಉತ್ತರ ಬೆಂಗಳೂರಲ್ಲಿ ಮಾತು ಉಳಿಸೋ ಅಭ್ಯಾಸ ಹಳೇದು. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಗೊತ್ತಲ್ವಾ? ಸುಮಾರು ಕ್ರಿ.ಶ. 750ರದ್ದು, ಗಂಗರ ಶ್ರೀಪುರುಷನ ಕಾಲದ್ದು. 2018ರಲ್ಲಿ ಸಿಕ್ಕಿತು. ಕಿತ್ತಯ್ಯ ಹೋರಾಡಿ ಸತ್ತ ಅನ್ನೋದು ಕಲ್ಲಲ್ಲಿ ಇದೆ. ಆದ್ರೆ ಅವನ ದನಿ ಹೇಗಿತ್ತು, ಅವನಿಗಾಗಿ ಅತ್ತೋರ ದನಿ ಹೇಗಿತ್ತು? ಕಲ್ಲು ಅಕ್ಷರ ಹಿಡಿದಿಡುತ್ತೆ, ದನಿ ಹಿಡಿಯಲ್ಲ.

ದನಿ ಹಿಡಿಯೋ ಯಂತ್ರ ಕಟ್ಕೊಂಡು ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತಾಗೆ ಬಂದ. ಅಲ್ಲಿ ಹಾಡಿದವರಲ್ಲಿ ಒಬ್ಬರು ಗೌಹರ್ ಜಾನ್. ಮೈಕ್ ಇನ್ನೂ ಬಂದಿರಲಿಲ್ಲ. ದೊಡ್ಡ ಕಹಳೆಯಂಥ ಕೊಳವೆ, ಅದರ ಸಣ್ಣ ತುದಿಯಲ್ಲಿ ತೆಳು ಪೊರೆ, ಪೊರೆಗೊಂದು ಮುಳ್ಳು, ಮುಳ್ಳಿನ ಕೆಳಗೆ ತಿರುಗೋ ಮೇಣದ ತಟ್ಟೆ. ದನಿಯ ಬಲಕ್ಕೇ ಮುಳ್ಳು ಗೀರಬೇಕು. ಹಾಗಾಗಿ ಮುಖ್ಯ ಗಾಯಕಿ ಕೊಳವೆಗೆ ಬಾಯಿ ಹತ್ತಿರ ತಂದು ಜೋರಾಗಿ ಹಾಡ್ಬೇಕು, ಜೊತೆಯವರೆಲ್ಲ ಹಿಂದೆ. ಅದೂ ಸುಮಾರು ಮೂರು ನಿಮಿಷದಲ್ಲಿ ಮುಗಿಯಬೇಕು. ಹಾಡಿನ ಕೊನೆಯಲ್ಲಿ ಗೌಹರ್ ಜಾನ್ ತಮ್ಮ ಹೆಸರನ್ನ ಇಂಗ್ಲಿಷ್‌ನಲ್ಲಿ ಕೂಗಿ ಹೇಳ್ತಾರೆ. ತಟ್ಟೆ ಅಚ್ಚಾಗ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನವರಿಗೆ ಇದು ಯಾರ ಹಾಡು ಅಂತ ಗೊತ್ತಾಗ್ಲಿ ಅಂತ.

ಅದೇ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದ್ರು. 1930ರ ಜನವರಿ 17ರಂದು ಮೈಸೂರಲ್ಲೇ ತೀರಿಕೊಂಡ್ರು. ಅವರ ದನಿ ಇವತ್ತೂ ಸಿಗುತ್ತೆ. ಹಿಂದೆ ಕೂತು ಸಾರಂಗಿ, ತಬಲಾ ನುಡಿಸಿದವರು? ದೂರದಿಂದ ಸಣ್ಣಗೆ ಕೇಳ್ತಾರೆ, ಅಷ್ಟೇ. ಹೆಸರು ಕೂಗೋ ಅವಕಾಶ ಅವರಿಗೆ ಇರಲಿಲ್ಲ. ಯಾರು ಕೊಳವೆಗೆ ಹತ್ತಿರ ನಿಂತ್ರೋ ಅವರು ಉಳಿದ್ರು. ನನ್ನ ಫೋನ್‌ನ ಕಥೆಯೂ ಇದೇ ತಾನೇ?

ಭಾಗ 3/6

1925ರ ಹೊತ್ತಿಗೆ ವಿದ್ಯುತ್ ಮೈಕ್ ಬಂತು. ಈಗ ಮೆಲ್ಲಗೆ ಹಾಡಿದ್ರೂ ದಾಖಲಾಗುತ್ತೆ. ಎರಡು ಮೂರು ಮೈಕ್ ಇಟ್ಟು ಬೆರೆಸಬಹುದು. ಆದ್ರೆ ಬೆರೆಸೋದು ಹಾಡೋ ಕ್ಷಣದಲ್ಲೇ ಆಗ್ಬೇಕು, ಉಳಿಯೋದು ಒಂದೇ ಗೀರು. ಸಾರಿಗೆ ಉಪ್ಪು ಹಾಕಿದ ಹಾಗೆ. ಹೆಚ್ಚಾಯ್ತು ಅಂತ ಆಮೇಲೆ ತೆಗೆಯೋಕಾಗಲ್ಲ.

ಕರ್ನಾಟಕಕ್ಕೆ ಮೈಕ್ ಮನೆಬಾಗಿಲಿಗೆ ಬಂದದ್ದು ರೇಡಿಯೋ ಮೂಲಕ. 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದ್ರು. ‘ಆಕಾಶವಾಣಿ’ ಅನ್ನೋ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಹೋಯ್ತು. ಬೆಂಗಳೂರು ನಿಲಯ ಶುರುವಾದದ್ದು 1955ರಲ್ಲಿ.

ಆದ್ರೆ ಸ್ಟುಡಿಯೋಗೆ ಬರೋರು ಬೇರೆ, ಊರಹಬ್ಬದಲ್ಲಿ ಹಾಡೋರು ಬೇರೆ. ಯಂತ್ರವೇ ಊರಿಗೆ ಹೋಗ್ಬೇಕು. ಹಾಗೆ ಹೋದವರಲ್ಲಿ ಒಬ್ಬರು ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ. ರವೀಂದ್ರನಾಥ ಠಾಕೂರರ ಶಾಂತಿನಿಕೇತನದಲ್ಲಿ ಇದ್ದವರು. 1938ರಲ್ಲಿ ಟೆಫಿಫೋನ್ ಅನ್ನೋ ಯಂತ್ರ ತಗೊಂಡು ದಕ್ಷಿಣ ಭಾರತ ಸುತ್ತಿದ್ರು. ಅದರಲ್ಲಿ ಫಿಲ್ಮ್ ಪಟ್ಟಿಯ ಮೇಲೆ ದನಿ ಗೀರಿಕೊಳ್ತಿತ್ತು. ಅವರ ದಾರಿಯಲ್ಲಿ ಇಂದಿನ ತಮಿಳುನಾಡು, ಕೇರಳ, ಕರ್ನಾಟಕದ ಊರುಗಳಿದ್ದವು.

ನನಗೆ ತುಂಬಾ ಇಷ್ಟವಾದ ಭಾಗ ಮುಂದಿನದು. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅನ್ನೋ ಇಬ್ಬರು ಸಂಗೀತ ವಿದ್ವಾಂಸರು ಬಾಕೆ ಹೋದ ದಾರಿಯಲ್ಲೇ ಮತ್ತೆ ಹೋದ್ರು. 46 ವರ್ಷದಲ್ಲಿ ಏನು ಉಳಿದಿದೆ, ಏನು ಬದಲಾಗಿದೆ ಅಂತ ನೋಡೋಕೆ. ಅಂದ್ರೆ ರೆಕಾರ್ಡಿಂಗ್ ಕೇಳಿ ಮೆಚ್ಚೋಕೆ ಮಾತ್ರ ಇರೋದಲ್ಲ. ಅದನ್ನ ಹಿಡ್ಕೊಂಡು ಅದೇ ಊರಿಗೆ ವಾಪಸ್ ಹೋಗಬಹುದು.

ನಮ್ಮವರೂ ಹೊರಟ್ರು. ಎಚ್.ಎಲ್. ನಾಗೇಗೌಡರು, ಪಿ.ಕೆ. ರಾಜಶೇಖರ ಥರದವರು ಹಾಡುಗಾರರನ್ನ ಹುಡುಕ್ಕೊಂಡು ಹೋಗಿ ಸಂಗ್ರಹಿಸಿದ್ರಿಂದಲೇ ಇವತ್ತು ನಾವು ಜಾನಪದ ಕಾವ್ಯಗಳನ್ನ ಓದ್ತೀವಿ. ರಾಮನಗರದ ಜಾನಪದ ಲೋಕ ಕಟ್ಟಿದ್ದೂ ನಾಗೇಗೌಡರೇ. ಆದ್ರೆ ಪುಸ್ತಕದಲ್ಲಿ ಸೊಲ್ಲು ಸಾಮಾನ್ಯವಾಗಿ ಒಂದು ಸಲ ಪ್ರಿಂಟ್ ಆಗುತ್ತೆ. ಸೊಲ್ಲು ಎತ್ತಿದವರ ಉಸಿರು ಪ್ರಿಂಟ್ ಆಗಲ್ಲ.

ಭಾಗ 4/6

ಉಪ್ಪನ್ನ ಸಾರಿಂದ ಬೇರೆ ಇಡೋದು ಹೇಗೆ? ಉತ್ತರ ಕೊಟ್ಟದ್ದು ಟೇಪು. ಟೇಪಿನ ಅಗಲವನ್ನ ಉದ್ದುದ್ದ ಪಟ್ಟಿಗಳಾಗಿ ಹಂಚಿ, ಒಂದೊಂದು ಪಟ್ಟಿಗೆ ಒಂದೊಂದು ದನಿ. ಇದೇ ಟ್ರ್ಯಾಕ್. 1957ರಲ್ಲಿ ಆಂಪೆಕ್ಸ್ ಕಂಪನಿ ಗಿಟಾರ್ ವಾದಕ ಲೆಸ್ ಪಾಲ್‌ಗೆ ಎಂಟು ಟ್ರ್ಯಾಕಿನ ಯಂತ್ರ ಮಾಡಿಕೊಟ್ಟಿತು. ಹತ್ತು ವರ್ಷದ ಮೇಲೆ, 1967ರಲ್ಲಿ, ಬೀಟಲ್ಸ್‌ನವರು ‘ಸಾರ್ಜೆಂಟ್ ಪೆಪ್ಪರ್’ ಆಲ್ಬಂ ಮಾಡಿದ್ದು ನಾಲ್ಕು ಟ್ರ್ಯಾಕಿನ ಯಂತ್ರಗಳಲ್ಲಿ. ಈ ನಾಲ್ಕು ಅನ್ನೋ ಸಂಖ್ಯೆ ನೆನಪಿಟ್ಕೊಳ್ಳಿ.

ಇವೆಲ್ಲ ಸ್ಟುಡಿಯೋದ ಭಾರೀ ಯಂತ್ರಗಳು. ಹೊರಗೆ ಹೊತ್ಕೊಂಡು ಹೋಗೋಕೆ ಸ್ಟೆಫಾನ್ ಕುಡೆಲ್‌ಸ್ಕಿ 1951ರಲ್ಲಿ ‘ನಾಗ್ರಾ’ ಮಾಡಿದ. ಪೋಲಿಷ್ ಭಾಷೆಯಲ್ಲಿ ಹಾಗಂದ್ರೆ ‘ದಾಖಲಿಸುತ್ತೆ’ ಅಂತ. ಸಿನಿಮಾದವರು, ರೇಡಿಯೋದವರು ಅದನ್ನ ಹೆಗಲಿಗೆ ಹಾಕ್ಕೊಂಡು ಲೋಕ ಸುತ್ತಿದ್ರು. ಬೆಲೆ ಮಾತ್ರ ನಮ್ಮಂಥವರ ಕೈಗೆ ಎಟುಕೋದಲ್ಲ.

ಎಟುಕಿದ್ದು ಕ್ಯಾಸೆಟ್. ಫಿಲಿಪ್ಸ್ 1963ರಲ್ಲಿ ತಂದದ್ದು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂತು, ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅಂತಲೇ ಹೆಸರಾಯ್ತು. ಯಕ್ಷಗಾನ, ನಾಟಕ, ಹರಿಕಥೆ ಎಲ್ಲವೂ ಕ್ಯಾಸೆಟ್ ಅಂಗಡಿಗೆ ಬಂದ್ವು. ಸಿನಿಮಾದ ಕನ್ನಡವೂ ರೆಕಾರ್ಡಿಂಗ್‌ಗೆ ಹೆಚ್ಚಾಗಿ ಮದ್ರಾಸನ್ನೇ ನಂಬ್ಕೊಂಡಿದ್ದ ಕಾಲದಲ್ಲಿ ಶಂಕರ್‌ನಾಗ್ ಬೆಂಗಳೂರಲ್ಲೇ ‘ಸಂಕೇತ್’ ಸ್ಟುಡಿಯೋ ಕಟ್ಟಿದ್ರು. ಅಣ್ಣ ಅದಕ್ಕೇ ಅಣ್ಣ.

1979ರಲ್ಲಿ ಟೀಯಾಕ್ ಕಂಪನಿ ಇದೇ ಸಣ್ಣ ಕ್ಯಾಸೆಟ್ ಮೇಲೆ ನಾಲ್ಕು ಟ್ರ್ಯಾಕ್ ಕೂರಿಸಿ ‘ಪೋರ್ಟಾಸ್ಟುಡಿಯೋ’ ಮಾಡಿತು. ಮನೆಯ ಮೇಜಿನ ಮೇಲೆ ಸ್ಟುಡಿಯೋ! ಆದ್ರೆ ಮೇಜು ಬೇಕು, ಕರೆಂಟು ಬೇಕು. ಮೆರವಣಿಗೆ ಹಿಂದೆ ಓಡೋಕಾಗಲ್ಲ.

ಭಾಗ 5/6

ಓಡೋಕೆ ಆಗಿದ್ದು ಮೆಮೊರಿ ಕಾರ್ಡ್ ಬಂದ ಮೇಲೆ. 2007ರ ಜೂಮ್ ಎಚ್2 ಅಂಗೈಯಲ್ಲಿ ಹಿಡಿಯೋಷ್ಟು, ಹಿಂದಕ್ಕೂ ಮುಂದಕ್ಕೂ ಸೇರಿ ನಾಲ್ಕು ಚಾನೆಲ್ ಕೇಳಿಸ್ಕೊಳ್ತಿತ್ತು. 2009ರ ಎಚ್4ಎನ್‌ನಲ್ಲಿ ತನ್ನದೇ ಎರಡು ಮೈಕ್, ಹೊರಗಿನ ಎರಡು ಮೈಕ್, ಒಟ್ಟು ನಾಲ್ಕು ಒಟ್ಟೊಟ್ಟಿಗೆ. ಬೀಟಲ್ಸ್ ಸ್ಟುಡಿಯೋದಲ್ಲಿದ್ದ ಅದೇ ನಾಲ್ಕು ಟ್ರ್ಯಾಕ್ ಈಗ ಬ್ಯಾಟರಿಯಲ್ಲಿ, ಮೆರವಣಿಗೆಯಲ್ಲಿ.

ಈ ವರ್ಷದ ಹಬ್ಬಕ್ಕೆ ಸೀನಿಯರ್ ಒಬ್ಬರ ಹತ್ರ ಇಂಥದ್ದೇ ಒಂದು ಪುಟ್ಟ ರೆಕಾರ್ಡರ್ ಕೇಳಿ ಈಸ್ಕೊಂಡೆ. ದೊಡ್ಡಜ್ಜಿ ಜಾಗದಲ್ಲಿ ಸೊಲ್ಲು ಎತ್ತೋಕೆ ಚಿಕ್ಕಮ್ಮ ಒಪ್ಪಿದ್ರು. ನಾನು ಮಾಡಿದ್ದು ಹೀಗೆ (ಮೂರನೇ ಫೋಟೋ ನೋಡಿ):

ಟ್ರ್ಯಾಕ್ 1, 2: ರೆಕಾರ್ಡರ್‌ನದೇ ಮೈಕ್. ತಮಟೆ, ಜನ, ಗಂಟೆ, ಬೀದಿ ಎಲ್ಲಾ.
ಟ್ರ್ಯಾಕ್ 3: ಅಜ್ಜಿಯ ಸೆರಗಿನ ಒಳಮಡಿಕೆಗೆ ಕ್ಲಿಪ್ ಮೈಕ್.
ಟ್ರ್ಯಾಕ್ 4: ಚಿಕ್ಕಮ್ಮನಿಗೆ ಇನ್ನೊಂದು.

ವೈರ್ ಉದ್ದ ಸಾಕಾಗಲ್ಲ ಅಂತ ರೆಕಾರ್ಡರ್ ಜೇಬಿಗೆ ಹಾಕ್ಕೊಂಡು ಅವರಿಬ್ಬರ ಹಿಂದೆಯೇ ನಡೆದೆ, ಮೈಕ್ ಭಾಗ ಮಾತ್ರ ಹೊರಗೆ. "ಇದೇನ್ ಮಗಾ, ಡಾಕ್ಟ್ರು ಹಾಕೋ ವೈರಾ?" ಅಂತ ಅಜ್ಜಿ.

ಕಲಿತ ಪಾಠ ನಾಲ್ಕು. ಒಂದು, ಆಟೋ ಲೆವೆಲ್ ಆಫ್ ಮಾಡಿ. ಅತಿ ಜೋರಾದ ಏಟು ಮೈನಸ್ 12 ಡೆಸಿಬಲ್ ಹತ್ರ ನಿಲ್ಲೋ ಹಾಗೆ ಕೈಯಲ್ಲೇ ಇಡಿ. ಎರಡು, 24 ಬಿಟ್, 48 ಕಿಲೋಹರ್ಟ್ಜ್‌ನಲ್ಲಿ ನಾಲ್ಕು ಟ್ರ್ಯಾಕ್ ಅಂದ್ರೆ ಗಂಟೆಗೆ ಸುಮಾರು 2 ಜಿಬಿ. 32 ಜಿಬಿ ಕಾರ್ಡ್‌ಗೆ ಹದಿನೈದು ಗಂಟೆ ಹಿಡಿಯುತ್ತೆ, ಬ್ಯಾಟರಿ ಅಷ್ಟು ಹೊತ್ತು ಬರಲ್ಲ. ಮೂರು, ಎರಡು ಫೋನ್ ಇಟ್ಟು ಆಮೇಲೆ ಸೇರಿಸ್ತೀನಿ ಅನ್ಬೇಡಿ. ಎರಡು ಯಂತ್ರದ ಗಡಿಯಾರ ಒಂದೇ ವೇಗದಲ್ಲಿ ಓಡಲ್ಲ, ಹೋಗ್ತಾ ಹೋಗ್ತಾ ತಾಳ ತಪ್ಪುತ್ತೆ. ಒಂದೇ ರೆಕಾರ್ಡರ್‌ನಲ್ಲಿ ನಾಲ್ಕಕ್ಕೂ ಒಂದೇ ಗಡಿಯಾರ. ನಾಲ್ಕು, ದನಿ ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ. ಮೈಕ್ ಮೂರೂವರೆ ಮೀಟರ್ ದೂರ ಇದ್ರೆ ಅದಕ್ಕೆ ದನಿ ಸೆಕೆಂಡಿನ ನೂರನೇ ಒಂದು ಭಾಗ ತಡವಾಗಿ ಮುಟ್ಟುತ್ತೆ. ಹತ್ತಿರದ ಟ್ರ್ಯಾಕ್ ಜೊತೆ ಹಾಗೇ ಬೆರೆಸಿದ್ರೆ ಡಬ್ಬದೊಳಗೆ ಹಾಡಿದ ಹಾಗಿರುತ್ತೆ. ಲ್ಯಾಪ್‌ಟಾಪ್‌ನಲ್ಲಿ ಅಷ್ಟು ಜರುಗಿಸಿ ಸರಿಮಾಡ್ಕೊಳ್ಳಿ.

ತಪ್ಪೂ ಮಾಡಿದೆ. ಚಿಕ್ಕಮ್ಮನ ಮೈಕ್ ಬಳೆಗೆ ಹತ್ತಿರವಾಯ್ತು. ಆರತಿ ತಟ್ಟೆ ಸರಿಮಾಡಿದಾಗಲೆಲ್ಲ ಟ್ರ್ಯಾಕ್ 4ರಲ್ಲಿ ಬಳೆ ಸದ್ದೇ ಸದ್ದು.

ಭಾಗ 6/6

ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಕೂತೆ. ಮೊದಲು ನಾಲ್ಕೂ ಒಟ್ಟಿಗೆ. ತಮಟೆ ತನ್ನ ಜಾಗದಲ್ಲಿ, ಹಾಡು ತನ್ನ ಜಾಗದಲ್ಲಿ. ಖುಷಿಯಾಯ್ತು. ಆಮೇಲೆ ಬರೀ ಟ್ರ್ಯಾಕ್ 3, ಅಂದ್ರೆ ಅಜ್ಜಿ ಒಬ್ಬರೇ.

ಹಾಡುವಾಗ ಪಕ್ಕದಲ್ಲೇ ಇದ್ದರೂ ನನಗೆ ಕೇಳಿರದ ಒಂದು ವಿಷಯ ಅಲ್ಲಿತ್ತು. ಅಜ್ಜಿ ತಮ್ಮ ಸಾಲು ಮುಗಿಸ್ತಾರೆ. ಚಿಕ್ಕಮ್ಮ ಹೊಸಬರು, ಎತ್ತಿಕೊಳ್ಳೋದು ಸ್ವಲ್ಪ ತಡ. ಆ ಸಂದಿನಲ್ಲಿ ಅಜ್ಜಿ ಬಾಯೊಳಗೇ, ಗುನುಗೋ ಹಾಗೆ, ದೊಡ್ಡಜ್ಜಿ ಸಾಲನ್ನ ಶುರುಮಾಡಿ ಕೊಡ್ತಾರೆ. ಚಿಕ್ಕಮ್ಮ ಹಿಡ್ಕೊಂಡ ತಕ್ಷಣ ಸುಮ್ಮನಾಗ್ತಾರೆ. ಪ್ರತಿ ಸಾಲಿಗೂ ಹಾಗೇ.

ಬೆಳಿಗ್ಗೆ ಅಜ್ಜಿಗೆ ಕೇಳಿಸಿದೆ. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ನಮ್ಮಕ್ಕ ಇಲ್ಲಿ ಇನ್ನೊಂಚೂರು ಎಳೀತಿದ್ಲು" ಅಂದು ಹಾಡಿ ತೋರಿಸಿದ್ರು. ಅದನ್ನೂ ರೆಕಾರ್ಡ್ ಮಾಡ್ಕೊಂಡೆ. ಚಿಕ್ಕಮ್ಮ ಈಗ ಅದನ್ನ ಕೇಳಿ ಕಲೀತಿದ್ದಾರೆ.

ದೊಡ್ಡಜ್ಜಿ ದನಿ ಸಿಗಲಿಲ್ಲ, ಸಿಗೋದೂ ಇಲ್ಲ. ಆ ತಪ್ಪು ನನ್ನದೇ. ಆದ್ರೆ ಅವರ ಸಾಲು ಸಿಕ್ತು. 1902ರ ಕೊಳವೆ ಮುಂದೆ ಒಬ್ಬರಿಗೆ ಮಾತ್ರ ಜಾಗ ಇತ್ತು. ನಮ್ಮ ಜೇಬಲ್ಲಿ ಈಗ ನಾಲ್ಕು ಜನಕ್ಕೆ ಜಾಗ ಇದೆ. ಹಾಗಿದ್ರೂ ಮುಂದೆ ನಿಂತೋರಿಗೇ ಮೈಕ್ ಹಿಡಿದ್ರೆ ಯಂತ್ರ ಹೊಸದು, ನಾವು ಹಳಬರೇ.

ನಿಮ್ಮ ಊರಲ್ಲಿ ಹಬ್ಬ, ಮದುವೆ, ಭಜನೆ ಇದ್ರೆ ರೆಕಾರ್ಡ್ ಮಾಡಿ. ಮೊದಲು ಅವರನ್ನ ಕೇಳಿ, ಬೇಡ ಅಂದ್ರೆ ಬೇಡ. ಎರಡನೇ ಮೈಕ್ ಇದ್ರೆ ಅದನ್ನ ಸೊಲ್ಲು ಎತ್ತೋರಿಗೆ ಕೊಡಿ. ಫೈಲ್ ಹೆಸರಲ್ಲಿ ತಾರೀಖು, ಊರು, ಎಲ್ಲರ ಹೆಸರೂ ಬರೀರಿ, ತಮಟೆಯವರದ್ದೂ. ಒಂದು ಕಾಪಿ ಅವರ ಮನೆಗೇ ವಾಪಸ್ ಕೊಡಿ. ‘ಬರೋ ವರ್ಷ’ ಅಂತ ಮಾತ್ರ ಅನ್ಬೇಡಿ.

ನಿಮ್ಮನೆಯಲ್ಲಿ ಸೊಲ್ಲು ಎತ್ತೋರು ಯಾರು? ಕಾಮೆಂಟಲ್ಲಿ ಹೇಳಿ. ಅವರ ಪಕ್ಕ ಕೂರಿಸೋ ಮೊಮ್ಮಗನಿಗೋ ಮೊಮ್ಮಗಳಿಗೋ ಇದನ್ನ ಕಳಿಸಿ.

#ನಮ್ಮಸಿಂಗಾಪುರ #ಊರಹಬ್ಬ #ದನಿಯಇತಿಹಾಸ #ಸೊಲ್ಲು